ಮಂಜಣ್ಣ ಹಾಕದೆ ಇಟ್ಟ ಪಾಯಿಂಟುಗಳು

ನಮ್ಮ ಮನೆಗೆ ಹೊಸ ಪಾತ್ರೆ ಬಂದರೆ ಅದರ ಮೇಲಿನ ಸ್ಟಿಕರು ಅಂದಿನ ಸಂಜೆ ಕಾಣುವುದಿಲ್ಲ. ಬಿಸಿನೀರಲ್ಲಿ ನೆನೆಸಿ, ಕೊಬ್ಬರಿ ಎಣ್ಣೆ ಸವರಿ, ಉಗುರು ಕಿತ್ತು ಬಂದರೂ ಸರಿ ಎಂದು ಕೆರೆದು ತೆಗೆದೇ ಬಿಡುತ್ತೇನೆ. ಹೊಸ ಸೀರೆಗೆ ಫಾಲ್ ಹಚ್ಚಿಸುವಷ್ಟು ತಾಳ್ಮೆಯೂ ನನಗಿಲ್ಲ. ಮಾರನೆಯ ದಿನವೇ ಉಟ್ಟುಕೊಂಡು ಕೊತ್ತಂಬರಿ ಸೊಪ್ಪು ತರಲು ಹೋಗುತ್ತೇನೆ. ಟಿ.ವಿ. ರಿಮೋಟಿಗೆ ಪ್ಲಾಸ್ಟಿಕ್ ಅಂಗಿ ತೊಡಿಸಿ ಇಟ್ಟುಕೊಳ್ಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. "ಇವಳ ಕೈಗೆ ಏನು ಕೊಟ್ರೂ ಒಂದೇ ದಿನಕ್ಕೆ ಹಳೇದು ಮಾಡ್ತಾಳೆ" ಎಂದು ನನ್ನ ಗಂಡ ನೆಂಟರ ಮುಂದೆ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು. ಈ ಚಟ ನನಗೆ ಅಂಟಿಕೊಂಡಿದ್ದು ಒಂದು ಕಂಪ್ಯೂಟರ್ ಆಟದ ದೆಸೆಯಿಂದ ಅಂದರೆ ನೀವೂ ನಗುತ್ತೀರಿ. ಸ್ವಲ್ಪ ಹೊತ್ತು ನಗಬಹುದು, ಅಡ್ಡಿಯಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನ ಅಣ್ಣ ಮಂಜುನಾಥನದೊಂದು ಡಿ.ಟಿ.ಪಿ. ಅಂಗಡಿ ಇತ್ತು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣ, ತಿಥಿ, ಎಲ್ಲವನ್ನೂ ಅವನು ಕಂಪ್ಯೂಟರಿನಲ್ಲಿ ಹೊಂದಿಸಿ ಕೊಡುತ್ತಿದ್ದ. ಪಕ್ಕದ ಮಳಿಗೆಯಲ್ಲಿ ಅವನ ಗೆಳೆಯ ನಯಾಜ್ ಅದನ್ನು ಅಚ್ಚು ಹಾಕುತ್ತಿದ್ದ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ವರ್ಷ ಫೇಲಾದವರು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದರಿಂದ ಮನೆ ನಡೆಯುತ್ತಿದ್ದದ್ದು ಊರಿನವರ ಮದುವೆಗಳ ಮೇಲೆ. ನಾನು ಕಾಲೇಜು ಮುಗಿಸಿಕೊಂಡು ಬಂದು, ಪ್ರೂಫ್ ನೋಡುವ ನೆಪದಲ್ಲಿ ಅಲ್ಲೇ ಸ್ಟೂಲಿನ ಮೇಲೆ ಕೂರುತ್ತಿದ್ದೆ. "ಹಿರಿಯರ ಆಶೀರ್ವಾದವೇ ಉಡುಗೊರೆ" ಎಂಬ ಸಾಲನ್ನು ನನ್ನಷ್ಟು ಸಲ ತಿದ್ದಿದವರು ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಆಷಾಢ ಬಂತೆಂದರೆ ಮದುವೆ ಇಲ್ಲ. ಮದುವೆ ಇಲ್ಲವೆಂದರೆ ಕಾರ್ಡಿಲ್ಲ. ಬೆಟ್ಟದ ಕಡೆಯಿಂದ ಬೀಸುವ ಗಾಳಿ ಅಂಗಡಿಯ ಬೋರ್ಡನ್ನು ದಿನವಿಡೀ ದಡಬಡ ಬಡಿಯುತ್ತಿತ್ತು. ಮಧ್ಯಾಹ್ನ ಒಂದು ನರಪಿಳ್ಳೆಯೂ ಬಾಗಿಲಿಗೆ ಬರುತ್ತಿರಲಿಲ್ಲ. ಅಂಥ ಒಂದು ಆಷಾಢದಲ್ಲಿ ನಯಾಜ್ ಎಲ್ಲಿಂದಲೋ ಒಂದು ಸೀಡಿ ತಂದ. ರಾಕ್ಷಸರನ್ನು ಕೊಲ್ಲುತ್ತಾ ಪಾತಾಳದ ಗುಹೆಗಳಿಗೆ ಇಳಿಯುವ ಆಟ. ಗುಹೆ ಇಳಿದಷ್ಟೂ ನಮ್ಮ ವೀರನ ಲೆವೆಲ್ ಏರುತ್ತದೆ, ಏರಿದಾಗಲೆಲ್ಲ ಕೆಲವು ಪಾಯಿಂಟು ಕೈಗೆ ಬರುತ್ತವೆ. ಆ ಪಾಯಿಂಟುಗಳನ್ನು ನಾಲ್ಕು ಕಡೆ ಹಾಕಬಹುದಿತ್ತು. ಇಂಗ್ಲಿಷಿನಲ್ಲಿ ಅವಕ್ಕೆ ದೊಡ್ಡ ದೊಡ್ಡ ಹೆಸರಿದ್ದವು. ನಾವು ಕರೆಯುತ್ತಿದ್ದದ್ದು ಬಲ, ಚುರುಕು, ಪ್ರಾಣ, ಮಂತ್ರ ಎಂದು. ಒಮ್ಮೆ ಹಾಕಿದರೆ ಮುಗಿಯಿತು, ವಾಪಸು ಇಲ್ಲ. ಎಲ್ಲಿ ಹಾಕಿದೆವೋ ಅದರ ಮೇಲೆ ಆ ವೀರ ಎಂಥವನು ಎಂಬುದು ತೀರ್ಮಾನವಾಗುತ್ತಿತ್ತು.

ನಯಾಜ್ ಯೋಚನೆ ಮಾಡುವ ಪೈಕಿಯೇ ಅಲ್ಲ. ಬಂದ ಪಾಯಿಂಟನ್ನೆಲ್ಲ ಬಲಕ್ಕೇ ಸುರಿದ. ಅವನ ಕೊಡಲಿವೀರ ಒಂದೇ ಏಟಿಗೆ ರಾಕ್ಷಸನನ್ನು ಎರಡು ಹೋಳು ಮಾಡುತ್ತಿದ್ದ. ಆದರೆ ದೂರದಲ್ಲಿ ನಿಂತ ಬಡಕಲು ಬಿಲ್ಲುಗಾರ ನಾಲ್ಕು ಬಾಣ ಬಿಟ್ಟರೆ ದೊಪ್ಪನೆ ಬೀಳುತ್ತಿದ್ದ. "ಸತ್ರೆ ಸಾಯ್ಲಿ ಬಿಡು, ಇನ್ನೊಬ್ಬನ್ನ ಹುಟ್ಟಿಸ್ತೀನಿ" ಎಂದು ನಯಾಜ್ ಮರುಕ್ಷಣವೇ ಹೊಸಬನನ್ನು ಹುಟ್ಟಿಸುತ್ತಿದ್ದ. ಒಬ್ಬನಿಗೆ ಬರೀ ಮಂತ್ರ ಕೊಟ್ಟ. ಅವನು ಬೆಂಕಿಯ ಮಳೆ ಸುರಿಸುತ್ತಿದ್ದ, ಮೈಮೇಲೆ ಇಲಿ ಹರಿದರೂ ಸಾಯುತ್ತಿದ್ದ. ಇನ್ನೊಬ್ಬನಿಗೆ ಕತ್ತಿಯನ್ನೇ ಕೊಡದೆ ಗುರಾಣಿಯಲ್ಲೇ ಬಡಿದು ಕೊಲ್ಲುತ್ತೇನೆಂದು ಹೊರಟ. ಒಂದು ಚೇಳನ್ನು ಸಾಯಿಸುವಷ್ಟರಲ್ಲಿ ನಾನು ಎದುರಿನ ಹೋಟೆಲಿಗೆ ಹೋಗಿ ಮಿರ್ಚಿ ಮಂಡಕ್ಕಿ ಕಟ್ಟಿಸಿಕೊಂಡು ಬಂದಿದ್ದೆ. ನಕ್ಕು ನಕ್ಕು ನಮ್ಮ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು.

ನನ್ನದು ಸರ್ವರಿಗೂ ಸಮಪಾಲು. ಬಲಕ್ಕೊಂದು, ಚುರುಕಿಗೊಂದು, ಪ್ರಾಣಕ್ಕೊಂದು, ಮಂತ್ರಕ್ಕೊಂದು. ಯಾರಿಗೂ ಬೇಜಾರಾಗಬಾರದು ನೋಡಿ. ನನ್ನ ಬಿಲ್ಲುಗಾತಿ ಎಲ್ಲವನ್ನೂ ಅಷ್ಟಷ್ಟು ಬಲ್ಲವಳಾಗಿ, ಮೊದಲನೆಯ ದೊಡ್ಡ ರಾಕ್ಷಸನ ಮುಂದೆ ಯಾವುದಕ್ಕೂ ಬಾರದವಳಾಗಿ ಸತ್ತಳು. ಆಗ ನಾನು ಬಿ.ಕಾಂ. ಓದುತ್ತಿದ್ದೆ, ಟೈಪಿಂಗಿಗೆ ಹೋಗುತ್ತಿದ್ದೆ, ಹೊಲಿಗೆ ಕಲಿಯುತ್ತಿದ್ದೆ, ಹಿಂದಿ ಪರೀಕ್ಷೆ ಕಟ್ಟಿದ್ದೆ. ಇವತ್ತಿಗೂ ನನಗೆ ಒಂದು ಜಾಕೀಟು ಸರಿಯಾಗಿ ಹೊಲಿಯಲು ಬರುವುದಿಲ್ಲ. "ನೀನು ಆಟದಾಗೂ ಹಂಗೇ, ಮನೇಲೂ ಹಂಗೇ" ಎಂದು ಅಣ್ಣ ಛೇಡಿಸುತ್ತಿದ್ದ.

ಅಣ್ಣನ ಕಥೆ ಬೇರೆ. ಆ ಆಟದಲ್ಲಿ ಒಂದು ಕಠಿಣ ಬಗೆ ಇತ್ತು. ಅದರಲ್ಲಿ ಆಡಿದರೆ ಒಂದು ಸಲ ಸತ್ತವನು ಸತ್ತಂತೆಯೇ, ಅವನನ್ನು ಮತ್ತೆ ಎಬ್ಬಿಸಲು ಬರುವುದಿಲ್ಲ. ಅಣ್ಣ ಆರಿಸಿಕೊಂಡಿದ್ದು ಅದನ್ನೇ. ಒಬ್ಬನೇ ಕತ್ತಿವೀರ, ವರ್ಷಗಟ್ಟಲೆ ಅವನೊಬ್ಬನೇ. ಲಗ್ನಪತ್ರಿಕೆಯಲ್ಲಿ ವರನ ಹೆಸರಿಗೆ ಮೊದಲು ಹಾಕುವ ಚಿರಂಜೀವಿಯನ್ನೇ ಹಾಕಿ ಅವನಿಗೆ 'ಚಿ|| ಮಂಜು' ಎಂದು ಹೆಸರಿಟ್ಟಿದ್ದ, ಇಂಗ್ಲಿಷ್ ಅಕ್ಷರದಲ್ಲಿ. ಮತ್ತು ಅವನು ಬಂದ ಪಾಯಿಂಟುಗಳನ್ನು ಎಲ್ಲಿಗೂ ಹಾಕುತ್ತಿರಲಿಲ್ಲ.

ಹೌದು, ಹಾಕುತ್ತಲೇ ಇರಲಿಲ್ಲ. ಕೂಡಿಡುತ್ತಿದ್ದ. ಪಾಯಿಂಟು ಉಳಿದಿದೆ ಎಂದು ನೆನಪಿಸಲು ಪರದೆಯ ಮೂಲೆಯಲ್ಲೊಂದು ಕೆಂಪು ಪ್ಲಸ್ ಗುರುತು ಮಿಣಕ್ ಮಿಣಕ್ ಎನ್ನುತ್ತಲೇ ಇರುತ್ತಿತ್ತು. ನಯಾಜನಿಗೆ ಅದನ್ನು ನೋಡಿದರೆ ಕೈ ತುರಿಸುತ್ತಿತ್ತು.

"ಲೇ ಮಂಜಾ, ಹಾಕಲೇ! ಸಾಯ್ತಾನಲೇ ಅವನು!"

"ಇರ್ಲಿ ಬಿಡಲೇ. ಮುಂದೆ ಇನ್ನೂ ದೊಡ್ಡವು ಬರ್ತಾವೆ. ಆಗ ಬೇಕಾಗ್ತೈತೆ."

ದೊಡ್ಡವು ಬಂದವು. ಆಗಲೂ ಹಾಕಲಿಲ್ಲ. ಹುಟ್ಟಿದಾಗ ಇದ್ದ ಬಲದಲ್ಲೇ, ಒಂದು ಏಟು ಹೊಡೆದು ಓಡಿ, ಕಂಬದ ಹಿಂದೆ ಅಡಗಿ, ಮತ್ತೆ ಒಂದು ಏಟು ಹೊಡೆದು, ನಾವು ಎರಡು ನಿಮಿಷದಲ್ಲಿ ಮುಗಿಸುವುದನ್ನು ಅರ್ಧ ಮಧ್ಯಾಹ್ನ ಎಳೆಯುತ್ತಿದ್ದ. ಗಾಯ ಮಾಯಿಸುವ ಕೆಂಪು ಔಷಧದ ಸೀಸೆಗಳನ್ನೂ ಕುಡಿಸುತ್ತಿರಲಿಲ್ಲ, ಪೆಟ್ಟಿಗೆಯಲ್ಲಿ ಜೋಡಿಸಿಡುತ್ತಿದ್ದ. ಆದರೂ ಅವನ ವೀರ ಸಾಯಲಿಲ್ಲ. ಅಷ್ಟು ಹುಷಾರಿನ ಮನುಷ್ಯ.

ಇದು ಅವನೊಬ್ಬನ ಗುಣವಲ್ಲ, ನಮ್ಮ ಮನೆಯ ಗುಣ. ಅವ್ವ ಹೊಸದುರ್ಗದ ಕಡೆಯವಳು, ನೀರಿಗೆ ಮೈಲಿಗಟ್ಟಲೆ ನಡೆದು ಬೆಳೆದವಳು. ನಮ್ಮ ಬೀದಿಗೆ ನಲ್ಲಿ ನೀರು ಬಿಟ್ಟ ದಿನ ಹಂಡೆ, ಕೊಳಗ, ಬಕೆಟ್ಟು ಸರಿಯೇ, ಕುಕ್ಕರು, ಟಿಫನ್ ಡಬ್ಬಿ, ಕೊನೆಗೆ ನನ್ನ ವಾಟರ್ ಬಾಟಲಿನ ಮುಚ್ಚಳಕ್ಕೂ ಹಿಡಿದಿಡುತ್ತಿದ್ದಳು. ಆ ನೀರನ್ನು ನಾವು ಮುಟ್ಟುವಂತಿರಲಿಲ್ಲ. "ಮುಂದಕ್ಕೆ ಬೇಕಾಗ್ತೈತೆ." ಮತ್ತೆ ನೀರು ಬಿಟ್ಟಾಗ ಹಳೆಯದನ್ನೆಲ್ಲ ಚರಂಡಿಗೆ ಚೆಲ್ಲಿ ಹೊಸದನ್ನು ತುಂಬುತ್ತಿದ್ದಳು! ಅಣ್ಣನ ಮದುವೆಗೆಂದು ಸ್ಟೀಲ್ ತಟ್ಟೆಗಳನ್ನು ತಂದು ಟ್ರಂಕಿನಲ್ಲಿಟ್ಟಿದ್ದಳು. ಸ್ಟಿಕರು ಕಿತ್ತಿರಲಿಲ್ಲ, ಹೆಸರೂ ಹಾಕಿಸಿರಲಿಲ್ಲ. ಸೊಸೆ ಬರಲಿ, ಇಬ್ಬರ ಹೆಸರನ್ನೂ ಒಟ್ಟಿಗೆ ಹಾಕಿಸೋಣ ಎಂಬ ಲೆಕ್ಕ. ಅಣ್ಣನೂ ದೀಪಾವಳಿಗೆ ತಂದ ತಿಳಿನೀಲಿ ಅಂಗಿಯನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆಯದೆ ಇಟ್ಟಿದ್ದ. ಯಾವುದಕ್ಕೋ ಬೇಕಾಗುತ್ತದಂತೆ.

ಇನ್ನು ನಗುವುದನ್ನು ನಿಲ್ಲಿಸಬಹುದು.

ಚಿಕ್ಕಂದಿನಲ್ಲಿ ಹೊಸದುರ್ಗದ ಅಜ್ಜಿಯ ಮನೆಯಲ್ಲಿದ್ದಾಗ ಅಣ್ಣನಿಗೆ ಕೀಲುಗಳೆಲ್ಲ ಊದಿಕೊಂಡು ಜ್ವರ ಬಂದಿತ್ತಂತೆ. ಜ್ವರ ಹೋಯಿತು, ಎಲ್ಲರೂ ಮರೆತರು. ಅದು ಎದೆಯೊಳಗೆ ಕೂತಿದ್ದು ಯಾರಿಗೂ ತಿಳಿಯಲಿಲ್ಲ. ಭಾನುವಾರ ನಾವು ಮೂವರೂ ಕೋಟೆ ಹತ್ತುವಾಗ ಅಣ್ಣ ಎರಡನೆಯ ಬಾಗಿಲಿನ ಹತ್ತಿರ ನಿಂತುಬಿಡುತ್ತಿದ್ದ. "ಇಲ್ಲಿ ಗಾಳಿ ಚೆನ್ನಾಗೈತೆ, ಕುಂತ್ಕಳಾಣ" ಎನ್ನುತ್ತಿದ್ದ. ನಾವು ಕೂರುತ್ತಿದ್ದೆವು. ಅವನು ಗಾಳಿಯ ಆಸೆಗೆ ನಿಂತಿದ್ದಲ್ಲ ಎಂದು ನಮಗೆ ಗೊತ್ತಾಗಿದ್ದು, ಒಂದು ದಿನ ಕಾಗದದ ಬಂಡಲು ಹೊತ್ತುಕೊಂಡು ಬಂದವನು ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಾಗ. ನಯಾಜ್ ಹಟ ಹಿಡಿದು ದಾವಣಗೆರೆಗೆ ಕರೆದುಕೊಂಡು ಹೋದ. ಅಲ್ಲಿನ ಡಾಕ್ಟರು ಎದೆಯೊಳಗಿನ ಕವಾಟ ಕಿರಿದಾಗಿದೆ, ರಕ್ತ ದಾಟುವುದೇ ಕಷ್ಟವಾಗಿದೆ, ಬೆಂಗಳೂರಿಗೆ ಹೋಗಿ ಆಪರೇಷನ್ ಮಾಡಿಸಿ ಬದಲಾಯಿಸಿಕೊಳ್ಳಿ, ತಡ ಮಾಡಬೇಡಿ ಎಂದರು. ಬೆಂಗಳೂರಿನ ಆಸ್ಪತ್ರೆಯವರು ಸೇರಿಕೊಳ್ಳಲು ದಿನವನ್ನೂ ಕೊಟ್ಟರು.

ಆ ದಿನ ಬಿದ್ದಿದ್ದು ಆಷಾಢದಲ್ಲಿ.

ಅಂಗಡಿಗೆ ಬಿಡುವು ಇರುವ ತಿಂಗಳು, ಇದಕ್ಕಿಂತ ಅನುಕೂಲ ಬೇಕೇ ಎಂದು ನಾನೂ ನಯಾಜನೂ ಖುಷಿಪಟ್ಟೆವು. ಆದರೆ ಮನೆಯ ದೊಡ್ಡ ತೀರ್ಮಾನಗಳನ್ನೆಲ್ಲ ಮಾಡುತ್ತಿದ್ದವನು ಅವ್ವನ ತಮ್ಮ, ಹೊಳಲ್ಕೆರೆಯ ಮಾವ. ಅವನು ಬಂದು ಚಾಪೆಯ ಮೇಲೆ ಕೂತ, ನೀರು ಕುಡಿದ.

"ಅಕ್ಕಾ, ಆಷಾಢದಾಗೆ ಹುಡುಗನ ಮೈಮ್ಯಾಲೆ ಕತ್ತಿ ಆಡ್ಸದು ಬ್ಯಾಡ. ಒಂದು ತಿಂಗ್ಳು ತಾನೇ? ಶ್ರಾವಣ ಬರ್ಲಿ, ಒಳ್ಳೆ ದಿವ್ಸ ನೋಡಿ ಹೋಗಾಣ."

"ರೋಗಕ್ಕೆ ಆಷಾಢ ಗೊತ್ತೈತೇನು ಮಾವ?" ಅಂದೆ ನಾನು.

"ನೀನು ಸುಮ್ನಿರೇ, ದೊಡ್ಡೋರ ಮಾತಿನಾಗೆ ಬಾಯಿ ಹಾಕಬ್ಯಾಡ" ಎಂದು ಅವ್ವ ಗದರಿದಳು. ಅವಳಿಗೆ ಕತ್ತಿಯ ಭಯ, ಬೆಂಗಳೂರಿನ ಭಯ. ಆ ಭಯಕ್ಕೆ ಮಾವನ ಪಂಚಾಂಗ ಒಂದು ತಿಂಗಳ ನೆರಳು ಕೊಟ್ಟಿತು. ನಾನು ಅಣ್ಣನ ಮುಖ ನೋಡಿದೆ. ಅವನಾದರೂ ಏನಾದರೂ ಹೇಳಲಿ ಎಂದು.

"ಇರ್ಲಿ ಬಿಡು ವೇಣಿ. ಶ್ರಾವಣಕ್ಕೆ ಹೋದ್ರಾತು" ಎಂದ.

ಶ್ರಾವಣ ಬಂತು. ಒಂದು ತಿಂಗಳು ತಡೆದಿದ್ದ ಮದುವೆಗಳೆಲ್ಲ ಒಟ್ಟಿಗೆ ಬಂದವು. ಅಂಗಡಿಯ ಮುಂದೆ ಹುಡುಗನ ಅಪ್ಪಂದಿರು, ಹುಡುಗಿಯ ಮಾವಂದಿರು ಸಾಲುಗಟ್ಟಿ ನಿಂತರು. ಅಣ್ಣ "ಈ ಸೀಸನ್ ಒಂದು ಮುಗೀಲಿ" ಎಂದ. ಮುಗಿಯುವಷ್ಟರಲ್ಲಿ ಗೌರಿ ಗಣೇಶ. ಆಮೇಲೆ ಪಿತೃಪಕ್ಷ. "ಪಿತೃಪಕ್ಷದಾಗೆ ಆಸ್ಪತ್ರೆ ಮೆಟ್ಲು ಹತ್ತಿಸ್ತಾರಾ ಯಾರಾದ್ರೂ?" ಎಂದು ಹೊಳಲ್ಕೆರೆಯಿಂದ ಫೋನು ಬಂತು. ಆಮೇಲೆ ದಸರಾ, ದೀಪಾವಳಿ. ಹಬ್ಬದ ಹೊತ್ತಿನಲ್ಲಿ ಮನೆಮಗ ಆಸ್ಪತ್ರೆಯಲ್ಲಿ ಮಲಗುವುದೇ? ಒಂದೊಂದು ತಿಂಗಳಿಗೂ ಒಂದೊಂದು ನೆಪ, ಎಲ್ಲವೂ ಒಳ್ಳೆಯ ನೆಪಗಳೇ. ಗೋಡೆಗೆ ತೂಗುಹಾಕಿದ್ದ ಆ ಪಂಚಾಂಗವನ್ನು ಕಿತ್ತು ಒಲೆಗೆ ಹಾಕಬೇಕು ಎನ್ನಿಸುವಷ್ಟು ರೋಸಿಹೋಗಿದ್ದೆ. ಜಗಳವಾಡಿದೆ, ಊಟ ಬಿಟ್ಟೆ, ಅತ್ತೆ. ನಯಾಜ್ ಅಂತೂ "ಎತ್ಕಂಡು ಬಸ್ಸಿಗೆ ಹಾಕ್ತೀನಿ ನೋಡು ಮಗನೇ" ಎಂದು ಅಂಗಡಿಯಲ್ಲಿ ಕೂಗಾಡುತ್ತಿದ್ದ. ಅಣ್ಣ ನಗುತ್ತಾ, ಉಸಿರು ಎಳೆದುಕೊಳ್ಳುತ್ತಾ, ಗಣಪತಿಯ ಚಿತ್ರವನ್ನು ಕಾರ್ಡಿನ ನಡುಮಧ್ಯಕ್ಕೆ ಸರಿಸುತ್ತಿದ್ದ.

ಕಾರ್ತಿಕದಲ್ಲಿ ಮತ್ತೆ ಮದುವೆಗಳು. ಹಿರಿಯೂರಿನ ಒಂದು ಮನೆಯವರಿಗೆ ಕಾರ್ಡು ಅರ್ಜೆಂಟಾಗಿ ಬೇಕಿತ್ತು. ಬಂಡಲನ್ನು ತಾನೇ ಕೊಟ್ಟು ಬರುತ್ತೇನೆಂದು ಅಣ್ಣ ಬೆಳಗಿನ ಬಸ್ಸಿಗೆ ಹೋದ. ಕೊಟ್ಟ. ಅವರ ಮನೆಯಲ್ಲಿ ಉಪ್ಪಿಟ್ಟು ತಿಂದನಂತೆ. "ನಮ್ಮ ಮದ್ವೆಗೆ ಬರ್ಬೇಕ್ರಿ" ಎಂದದ್ದಕ್ಕೆ ತಲೆಯಾಡಿಸಿದನಂತೆ. ವಾಪಸು ಬರುವಾಗ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಚಿತ್ರದುರ್ಗದ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೂ ಅವನು ಇಳಿಯಲಿಲ್ಲ. ಕಂಡಕ್ಟರು ನಿದ್ದೆ ಹತ್ತಿದೆ ಎಂದುಕೊಂಡು ಭುಜ ಹಿಡಿದು ಅಲ್ಲಾಡಿಸಿದರು. ನಮ್ಮ ಅಂಗಡಿ ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರ.

ಅವನ ಮೈಮೇಲೆ ಹೊಸ ಬಟ್ಟೆ ಇರಬೇಕೆಂದರು. ಯಾರೋ ಬಟ್ಟೆ ಅಂಗಡಿಗೆ ಹೊರಟಿದ್ದರು. "ಎಲ್ಲಿಗೂ ಹೋಗಬ್ಯಾಡ್ರಿ, ಮನೇಲೇ ಐತೆ" ಎಂದು ಅವ್ವ ಒಳಗಿನಿಂದ ಆ ತಿಳಿನೀಲಿ ಅಂಗಿಯನ್ನು ತಂದಳು. ನಯಾಜ್ ಕವರು ಹರಿದ. ಕಾಲರಿನೊಳಗಿನ ರಟ್ಟು ತೆಗೆದ. ತೋಳಿಗೆ, ಬೆನ್ನಿಗೆ ಚುಚ್ಚಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಕೀಳುತ್ತಾ ಕೂತ. "ಒಂದೂ ಉಳೀಬಾರ್ದು ವೇಣಿ, ನೀನೂ ನೋಡು, ಚುಚ್ಚೀತು ಅವನಿಗೆ" ಎಂದ. ನಾನು ಆ ಅಂಗಿಯ ಮೇಲೆಲ್ಲ ಕೈಯಾಡಿಸಿ ನೋಡಿದೆ. ಒಂದೂ ಉಳಿದಿರಲಿಲ್ಲ.

ಶಿವಗಣಾರಾಧನೆಯ ಕಾರ್ಡನ್ನು ಬೇರೆ ಎಲ್ಲಿ ಮಾಡಿಸುವುದು? ನಯಾಜನೇ ಅಣ್ಣನ ಕುರ್ಚಿಯಲ್ಲಿ ಕೂತು ಅಕ್ಷರ ಕೂಡಿಸಿದ. ಹೆಸರಿಗೆ ಮೊದಲು ಲಿಂಗೈಕ್ಯ ಎಂಬುದಕ್ಕೆ 'ಲಿಂ||' ಎಂದು ಹಾಕಬೇಕಾದ ಜಾಗದಲ್ಲಿ ಕೈ ರೂಢಿಗೆ 'ಚಿ||' ಎಂದೇ ಹೊಡೆಯಿತು. ಅಳಿಸಿ ಮತ್ತೆ ಹೊಡೆದ. ನಾನು ಎಂದಿನಂತೆ ಸ್ಟೂಲಿನ ಮೇಲೆ ಕೂತು ಪ್ರೂಫ್ ನೋಡಿದೆ. ತಪ್ಪುಗಳಿರಲಿಲ್ಲ. ಮಾವ ಬಂದು ಕಾರ್ಡುಗಳನ್ನು ತೆಗೆದುಕೊಂಡು ಹೋದ. ಅವನು ನನ್ನ ಮುಖ ನೋಡಲಿಲ್ಲ, ನಾನೂ ಅವನನ್ನು ಮಾತಾಡಿಸಲಿಲ್ಲ. ಆಮೇಲೂ ಬಹಳ ಕಾಲ ಮಾತಾಡಿಸಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಂಗಡಿ ಖಾಲಿ ಮಾಡಬೇಕಾಯಿತು. ಅವ್ವ ಅಲ್ಲಿಗೆ ಅಪರೂಪಕ್ಕೆ ಬರುತ್ತಿದ್ದವಳು, ಅಂದು ತಾನೂ ಬರುತ್ತೇನೆಂದು ಬಂದಳು. ಇಳಿಮಧ್ಯಾಹ್ನ. ನಯಾಜ್ ವೈರು ಕೀಳುವ ಮುಂಚೆ, ಏನನ್ನಿಸಿತೋ, ಕಂಪ್ಯೂಟರ್ ಹಾಕಿ ಆಟ ತೆಗೆದ. 'ಚಿ|| ಮಂಜು' ಊರಬಾಗಿಲಿನಲ್ಲಿ ನಿಂತಿದ್ದ. ಕೈಯಲ್ಲಿ ಅದೇ ಹಳೆಯ ಕತ್ತಿ. ಮೂಲೆಯಲ್ಲಿ ಕೆಂಪು ಗುರುತು ಮಿಣಕ್ ಮಿಣಕ್ ಎನ್ನುತ್ತಿತ್ತು. ಒತ್ತಿ ನೋಡಿದರೆ ಪಾಯಿಂಟು ನೂರು ದಾಟಿದ್ದವು.

"ಏನಪ್ಪ ಅದು, ಮಿಣಕ್ ಮಿಣಕ್ ಅಂತೈತೆ?" ಅವ್ವ ಕೇಳಿದಳು.

"ಮಂಜನವು ಅಮ್ಮ. ಅವನು ಗಳಿಸಿದ್ದು. ಹಾಕ್ಕಂಡಿದ್ರೆ ಇನ್ನೂ ಗಟ್ಟಿ ಆಗ್ತಿದ್ದ. ಹಾಕ್ಕಳ್ಳಿಲ್ಲ."

"ಯಾಕೆ?"

ನಯಾಜ್ ನನ್ನ ಮುಖ ನೋಡಿದ. "ಮುಂದಕ್ಕೆ ಬೇಕಾಗ್ತೈತೆ ಅಂತ" ಎಂದೆ ನಾನು. ನನ್ನ ದನಿ ಒರಟಾಗಿಯೇ ಇತ್ತು. ಅವ್ವ ಆ ಕೆಂಪು ಗುರುತಿನ ಕಡೆ ಬೆರಳು ಮಾಡಿದಳು.

"ಈಗ ಹಾಕಾಕೆ ಬರ್ತೈತಾ?"

"ಬರ್ತೈತೆ."

"ಹಾಕ್ರಪ್ಪ ಮತ್ತೆ."

ಎಲ್ಲಿಗೆ ಹಾಕುವುದು ಎಂದು ನಾವು ಒಬ್ಬರನ್ನೊಬ್ಬರು ಕೇಳಲಿಲ್ಲ. ಬಲದ ಭಕ್ತನಾದ ನಯಾಜನೂ, ಸಮಪಾಲಿನ ನಾನೂ, ಎಲ್ಲವನ್ನೂ ಪ್ರಾಣಕ್ಕೇ ಹಾಕಿದೆವು. ಅವನು ಒಂದಷ್ಟು ಒತ್ತಿದ, ಬೆರಳು ಸೋತಾಗ ನಾನು ಒತ್ತಿದೆ. ಪ್ರತಿ ಸಲವೂ ಟಕ್ ಎಂದು ಸದ್ದು. ಪ್ರಾಣದ ಅಂಕಿ ಏರುತ್ತಾ ಹೋಯಿತು. ಪೆಟ್ಟಿಗೆಯಲ್ಲಿದ್ದ ಔಷಧದ ಸೀಸೆಯೊಂದನ್ನೂ ಕುಡಿಸಿದೆವು. ಪ್ರಾಣ ಎಷ್ಟಿದೆ ಎಂದು ತೋರಿಸುವ, ಪರದೆಯ ಕೆಳಗಿನ ಗಾಜಿನ ಬುರುಡೆ ಕಂಠಮಟ್ಟ ಕೆಂಪಾಯಿತು. ಮಿಣಕು ನಿಂತಿತು. ವೀರ ಸುಮ್ಮನೆ ನಿಂತೇ ಇದ್ದ. ಆಟದಲ್ಲಿ ಯಾರೂ ಏನೂ ಮಾಡದಿದ್ದಾಗ ಅವರ ಎದೆ ಮೆಲ್ಲಗೆ ಏರಿ ಇಳಿಯುತ್ತದೆ, ನಾವು ಅದನ್ನು ಗಮನಿಸಿಯೇ ಇರಲಿಲ್ಲ. ಅವ್ವ ಪರದೆಯ ಹತ್ತಿರ ಬಗ್ಗಿ ನೋಡಿದಳು.

"ಉಸಿರಾಡ್ತಾ ಅವ್ನೆ" ಎಂದಳು.

"ಹೂಂ ಅಮ್ಮ."

"ಏನೂ ತ್ರಾಸಿಲ್ದಂಗೆ ಆಡ್ತಾ ಅವ್ನೆ."

ನಾನು ಎದ್ದು ಸ್ಟೂಲನ್ನು ಅವಳಿಗೆ ಕೊಟ್ಟೆ. ಅವಳು ಕೂತಳು. ಗಾಳಿ ಬೋರ್ಡನ್ನು ಬಡಿಯುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆವೋ ಗೊತ್ತಿಲ್ಲ, ವೈರು ಕೀಳಲು ನಯಾಜನಿಗೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಒಮ್ಮೆಲೇ ಕಪ್ಪಾಯಿತು. ಯು.ಪಿ.ಎಸ್. ಬ್ಯಾಟರಿ ಕೆಟ್ಟು ಎಷ್ಟೋ ಕಾಲವಾಗಿತ್ತು, ಹೊಸದು ಹಾಕಿಸುವುದನ್ನೂ ಅಣ್ಣ ಮುಂದಿನ ಸೀಸನ್ನಿಗೆ ಇಟ್ಟಿದ್ದ.

ಕರೆಂಟು ಬಂದ ಮೇಲೆ ನಯಾಜ್ ಮತ್ತೆ ಆಟ ತೆಗೆದ. ನಾವು ಸೇವ್ ಮಾಡಿರಲಿಲ್ಲ. ಊರಬಾಗಿಲಿನಲ್ಲಿ ಅದೇ ಹಳೆಯ ವೀರ, ಅದೇ ಹಳೆಯ ಪ್ರಾಣ, ಮೂಲೆಯಲ್ಲಿ ಮಿಣಕ್ ಮಿಣಕ್. ನೂರು ದಾಟಿದ ಪಾಯಿಂಟುಗಳು ಒಂದೂ ಕಡಿಮೆಯಾಗದೆ ಹಾಗೇ ಇದ್ದವು. ನಯಾಜ್ ಕಣ್ಣೊರೆಸಿಕೊಂಡು ಮತ್ತೆ ಮೌಸ್ ಹಿಡಿದ.

"ಇನ್ನೊಂದ್ ಸಲ ಹಾಕ್ತೀನಿ ತಡೀರಿ ಅಮ್ಮ. ಈ ಸಲ ಸೇವ್ ಮಾಡ್ತೀನಿ."

ಅವ್ವ ಅವನ ಕೈಮೇಲೆ ಕೈಯಿಟ್ಟಳು. "ಬ್ಯಾಡ ಬಿಡಪ್ಪ. ನೀನು ಎಷ್ಟು ಸಲ ಹಾಕಿದ್ರೂ ಅವ್ನು ಹಿಂಗೇ ತೆಗ್ದು ಇಟ್ಕಂತಾನೆ."

ಮನೆಗೆ ಬಂದವಳೇ ಟ್ರಂಕು ತೆಗೆದಳು. ಸ್ಟಿಕರಿನ ಸಮೇತ ಮೂರು ತಟ್ಟೆ ಹೊರಗಿಟ್ಟು, ಹಂಡೆಯಲ್ಲಿ ಹಿಡಿದಿಟ್ಟಿದ್ದ ನೀರಿನಲ್ಲಿ ತೊಳೆದು, ನಯಾಜನನ್ನೂ ಕೂರಿಸಿ ಅನ್ನ ಬಡಿಸಿದಳು. ಬಿಸಿ ಸಾರು ತಗುಲಿ ನನ್ನ ತಟ್ಟೆಯ ಸ್ಟಿಕರು ಅಂಚಿನಲ್ಲಿ ಮೇಲೆದ್ದಿತು. ಅವ್ವ ತನ್ನ ಊಟ ಬಿಟ್ಟು, ಎಂಜಲು ಕೈಯಲ್ಲೇ ಬಗ್ಗಿ ಬಂದು, ಅದನ್ನು ಉಗುರಿನಿಂದ ಪೂರ್ತಿ ಕೆರೆದು ತೆಗೆದಳು.